ಕಲ್ಲು ನೆಲಕ್ಕೆ ಸಸಿ ಬೇಡ, ಚಿಗರಿಗೆ ಹುಲ್ಲು ಬಿಡಿ

ಪ್ರತಿ ವರ್ಷ ಜೂನ್ 5ಕ್ಕೆ ನಮ್ಮ ಫೋನಿಗೆ ಬರುವ ಫೋಟೋಗಳೆಲ್ಲ ಒಂದೇ ಥರ. ಊರಾಚೆಯ ಗರಸು ನೆಲ, ಅದರಲ್ಲೊಂದು ಗುಂಡಿ, ಗುಂಡಿಯಲ್ಲೊಂದು ಸಸಿ. ಸಸಿಯ ಸುತ್ತ ಹತ್ತು-ಹನ್ನೆರಡು ಮಂದಿ. ಒಬ್ಬರ ಕೈಯಲ್ಲಿ ನೀರಿನ ತಂಬಿಗೆ, ಉಳಿದವರ ಕಣ್ಣೆಲ್ಲ ಕ್ಯಾಮೆರಾ ಕಡೆ. ನಾವು ಅದಕ್ಕೆ ನಾಲ್ಕು ಸಾಲು ಬರೆದು, 'ಬಂಜರು ಭೂಮಿಗೆ ಹಸಿರು ಹೊದಿಕೆ' ಅಂತ ತಲೆಬರಹ ಕೊಟ್ಟು ಕಳಿಸುತ್ತೇವೆ. ಮೂರು ಕಾಲಂ ಬರುತ್ತದೆ.

ಎರಡು-ಮೂರು ವಾರ ಹೋಗಲಿ. ಅದೇ ಹೋಬಳಿಯಿಂದ ಇನ್ನೊಂದು ಫೋಟೋ. ಆಗಷ್ಟೇ ನಾಲ್ಕೆಲೆ ಒಡೆದ ಗೋವಿನಜೋಳ, ಸಾಲಿಗೆ ಸಾಲೇ ಬೋಳು, ನಡುವೆ ನಿಂತ ರೈತ. 'ಚಿಗರಿ ಹಾವಳಿ: ರೈತರ ಅಳಲು.' ಇದಕ್ಕೆ ಒಂದು ಕಾಲಂ. ಜಾಹೀರಾತು ಜಾಸ್ತಿ ಇದ್ದ ದಿನ ಅದೂ ಇಲ್ಲ.

ಈ ಎರಡೂ ಸುದ್ದಿಯನ್ನು ನಾವು ಹತ್ತು ವರ್ಷದಿಂದ ಬರೆಯುತ್ತಿದ್ದೇವೆ. ಎರಡೂ ಒಂದೇ ಸುದ್ದಿ ಅಂತ ಹೊಳೆಯಲು ನಮಗೆ ಇಷ್ಟು ವರ್ಷ ಬೇಕಾಯಿತು. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದವರು ನಾವು, ಆದರೆ ಮಡ್ಡಿ ಮೇಲೆ ಕುರಿ ಕಾಯುವವರಿಗೆ ಇದು ಯಾವತ್ತೋ ಗೊತ್ತಿತ್ತು.

ಚಿಗರಿ ಅಂದರೆ ಇಲ್ಲಿ ಕೃಷ್ಣಮೃಗ. ಹಳೇ ಮೈಸೂರು ಕಡೆ ಓದುಗರು ಜಿಂಕೆ ಅನ್ನುತ್ತಾರೆ. ಹುಲ್ಲೆ ಅಂತಲೂ ಹೆಸರಿದೆ, ಹೆಸರಿನಲ್ಲೇ ಹುಲ್ಲು ಕೇಳಿಸುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಚಿಗರಿ ಅಂತಲೇ ಹೆಸರಿಟ್ಟಿದ್ದಾರೆ. ಬಸ್ಸಿಗೆ ಅಂತ ಬೇರೆ ದಾರಿಯನ್ನೇ ಮಾಡಿಕೊಟ್ಟರು, ಪ್ರಾಣಿಗೆ ಮೇಯಲು ಜಾಗ ಮಾಡಿಕೊಡಲಿಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಹಿರಿಯ ರೈತರೊಬ್ಬರು ಹೇಳಿದ ಮಾತು ಹಾಗೇ ಬರೆಯುತ್ತೇವೆ: "ಬೆಳಗಿನ ಜಾವ ಬರ್ತಾವ್ರಿ, ಮೂವತ್ತು-ನಲವತ್ತು. ಹೋ ಅಂದ್ರ ಹತ್ತು ಮಾರು ಜಿಗದು ಮತ್ತ ಅಲ್ಲೇ ನಿಂತು ನಮ್ಮನ್ನ ನೋಡ್ತಾವು. ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಎರಡನೇ ಸಲ ಬೀಜ ಹಾಕೀನಿ. ಮೂರನೇ ಸಲಕ್ಕ ರೊಕ್ಕ ಇಲ್ಲ." ಹೊಡೆಯುವಂತಿಲ್ಲ ಅನ್ನುವುದು ನಿಜ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು. ಆ ಕಾನೂನು ಇರಲಿ, ಇರಬೇಕು. ಆದರೆ ಪ್ರಾಣಿಯನ್ನು ಉಳಿಸುವ ಕಾನೂನು ಮಾಡಿ, ಅದರ ಹೊಟ್ಟೆ ತುಂಬಿಸುವ ಕೆಲಸವನ್ನು ಎರಡೆಕರೆ ಹೊಲದವನ ತಲೆಗೆ ಕಟ್ಟಿದ್ದು ಯಾವ ನ್ಯಾಯ?

ನಾವು ಹೇಳಬೇಕಾದ್ದು ಇಷ್ಟು. ಕಲ್ಲು, ಗರಸು, ತೆಳು ಮಣ್ಣಿನ ನೆಲದಲ್ಲಿ ಚಿಗರಿಗೆ ಮೇವು ಬೆಳೆಯಬಹುದು. ಅದಕ್ಕೆ ಬೋರ್‌ವೆಲ್ ಬೇಡ, ಗೊಬ್ಬರ ಬೇಡ, ಗುಂಡಿ ಬೇಡ. ಬೇಕಿರುವುದು ಆ ನೆಲದ್ದೇ ಹುಲ್ಲು. ಆ ಹುಲ್ಲನ್ನು ಕಿತ್ತು, ಬಗೆದು, ಅದರ ಮೇಲೆ ಮರ ನೆಟ್ಟವರು ನಾವೇ. ಈಗ ಚಿಗರಿ ನಮ್ಮ ಹೊಲಕ್ಕೆ ಬಂತು ಅಂತ ಬಾಯಿ ಬಡಿದುಕೊಳ್ಳುತ್ತಿರುವವರೂ ನಾವೇ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ತಗೊಳ್ಳಿ. 1974ರಲ್ಲಿ ಘೋಷಣೆ ಆಯಿತು, ವಿಸ್ತೀರ್ಣ 119 ಚದರ ಕಿಲೋಮೀಟರ್. ಹೆಸರು ಹುಲ್ಲು ಮೇಯುವ ಪ್ರಾಣಿಯದು. ಒಳಗೆ ಹೋಗಿ ನೋಡಿ, ಬಹುಪಾಲು ಕಣ್ಣಿಗೆ ಬೀಳುವುದು ಕುರುಚಲು ಮತ್ತು ನೀಲಗಿರಿ. ಚಿಗರಿ ಬಯಲು ಪ್ರಾಣಿ. ನಾಲ್ಕೂ ಕಡೆ ಕಣ್ಣು ಹಾಯಬೇಕು, ತೋಳ ಬಂದರೆ ಓಡಲು ನೆಲ ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು, ಮರಿ ಅಡಗಿಸಲು ಅಲ್ಲಲ್ಲಿ ಎತ್ತರದ ಹುಲ್ಲು ಬೇಕು. ನೀಲಗಿರಿ ತೋಪು ಇದರಲ್ಲಿ ಯಾವುದನ್ನೂ ಕೊಡುವುದಿಲ್ಲ, ಹಗಲು ಮಲಗಲು ನೆರಳೊಂದನ್ನು ಬಿಟ್ಟು. ಹಾಗಾಗಿ ನಡೆಯುವುದು ಏನು? ಹಗಲು ತೋಪಿನ ನೆರಳಿನಲ್ಲಿ ವಸತಿ, ಸಂಜೆ-ಬೆಳಗ್ಗೆ ನಮ್ಮ ಹೊಲದಲ್ಲಿ ಊಟ. ಅಭಯಾರಣ್ಯ ಅನ್ನುವುದು ಲಾಡ್ಜು, ನಮ್ಮ ಹೊಲ ಖಾನಾವಳಿ. ಬಿಲ್ಲು ಕೊಡುವವರು ಯಾರೂ ಇಲ್ಲ.

ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರ್ಲಡ್ಡು ಹಕ್ಕಿಯೂ ಇತ್ತು. ಅದು ಮರದ ಮೇಲೆ ಕೂರುವ ಹಕ್ಕಿಯೇ ಅಲ್ಲ, ಹುಲ್ಲುನೆಲದಲ್ಲೇ ಓಡಾಡಿ ನೆಲದ ಮೇಲೇ ಮೊಟ್ಟೆ ಇಡುವಂಥದ್ದು. ಅದಕ್ಕೆ ಹೊಲಕ್ಕೆ ನುಗ್ಗಿ ಗೋವಿನಜೋಳ ತಿಂದು ಬದುಕುವ ಜಾಣತನ ಇರಲಿಲ್ಲ. ಇಲ್ಲಿಂದ ಹೋಯಿತು. ಚಿಗರಿ ಜಾಣ ಪ್ರಾಣಿ, ಉಳಿಯಿತು, ಕಳ್ಳ ಅನ್ನಿಸಿಕೊಂಡಿತು.

ನೀಲಗಿರಿ ಹೊಸದಾಗಿ ನೆಡಬಾರದು ಅಂತ ನಮ್ಮ ಸರ್ಕಾರವೇ 2017ರಲ್ಲಿ ಆದೇಶ ಮಾಡಿತು. ಅಂತರ್ಜಲದ ಚಿಂತೆ ಅದಕ್ಕೆ ದೊಡ್ಡ ಕಾರಣ. ಒಳ್ಳೆಯದೇ ಆಯಿತು. ಆದರೆ ನೀಲಗಿರಿ ಹೋದ ಕಡೆ ಏನು ಬರಬೇಕು ಅನ್ನುವ ಪ್ರಶ್ನೆ ಎದ್ದಾಗ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಹೊಂಗೆ, ಬೇವು, ಹೆಬ್ಬೇವು, ಹುಣಸೆ. ಅಂದರೆ ಮತ್ತೆ ಮರವೇ. ಹುಲ್ಲು ಅಂದವರನ್ನು ನಾವು ಕಾಣೆವು. ಯಾಕೆಂದರೆ ಹುಲ್ಲಿನ ಜೊತೆ ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ. ಹುಲ್ಲಿಗೆ ನೀರೆರೆದ ಮಂತ್ರಿಯ ಚಿತ್ರ ಯಾರಾದರೂ ನೋಡಿದ್ದೀರಾ?

ಹುಲ್ಲಿಗೆ ಈ ಗತಿ ಬಂದದ್ದು ನಿನ್ನೆ ಮೊನ್ನೆಯಲ್ಲ. ನಿಮ್ಮ ಊರಿನ ಪಹಣಿ ತೆಗೆದು ನೋಡಿ. 'ಹುಲ್ಲುಬನ್ನಿ ಖರಾಬು' ಅನ್ನುವ ಒಂದು ಮಾತು ಸಿಗುತ್ತದೆ. ಖರಾಬು ಅಂದರೆ ಕೆಟ್ಟದ್ದು. ಹುಲ್ಲು ಬೆಳೆಯುವ ಜಾಗ, ಆದ್ದರಿಂದ ಕೆಟ್ಟ ಜಾಗ! ಕಂದಾಯ ಹುಟ್ಟದ ನೆಲವೆಲ್ಲ ಬ್ರಿಟಿಷರ ಲೆಕ್ಕದಲ್ಲಿ ಹಾಳು ನೆಲ. ಅವರು ಹೋದರು, ಲೆಕ್ಕ ಉಳಿಯಿತು. ಇವತ್ತಿಗೂ ಕೇಂದ್ರ ಸರ್ಕಾರ ಹೊರತರುವ ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ನೆಲ, ಸವೆದ ಗೋಮಾಳ ಎಲ್ಲವೂ ಪಾಳು ಅಂತಲೇ ಎಣಿಕೆ. ಒಮ್ಮೆ ಪಾಳು ಅಂತ ಮುದ್ರೆ ಬಿದ್ದರೆ ಮುಗಿಯಿತು, ಯಾರು ಬೇಕಾದರೂ ಬಂದು ಏನು ಬೇಕಾದರೂ ಮಾಡಬಹುದು. ಚಳ್ಳಕೆರೆ ತಾಲ್ಲೂಕಿನ ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆ ಹೋದದ್ದು ಹಾಗೆ. ಡಿಆರ್‌ಡಿಒ, ಇಸ್ರೊ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲಕ್ಕೂ ಅಲ್ಲೇ ಜಾಗ. ಅಲ್ಲಿ ಕುರಿ ಮೇಯುತ್ತಿತ್ತು, ದನ ಮೇಯುತ್ತಿತ್ತು, ಚಿಗರಿಯೂ ಮೇಯುತ್ತಿತ್ತು. ಬೇಲಿ ಹಾಕಿದ ಮೇಲೆ ಊರವರಿಗೆ ಗೊತ್ತಾಯಿತು, ತಾವು ಇಷ್ಟು ದಿನ ಪಾಳು ನೆಲದ ಮೇಲೆ ಬದುಕುತ್ತಿದ್ದೆವು ಅಂತ.

ಕಾವಲು ಅನ್ನುವ ಪದದ ಅರ್ಥವನ್ನು ಒಮ್ಮೆ ನೆನೆಸಿಕೊಳ್ಳಿ. ಮೈಸೂರಿನ ಅರಸರ ಅಮೃತಮಹಲ್ ದನಗಳಿಗಾಗಿ ಹುಲ್ಲುನೆಲಗಳನ್ನು ಕಾಯುತ್ತಿದ್ದರು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ. ಒಂದನ್ನು ಮೇಯಿಸುವಾಗ ಇನ್ನೊಂದಕ್ಕೆ ಬಿಡುವು. ಹುಲ್ಲು ಬೀಜ ಕಟ್ಟಿ, ಉದುರಿಸಿ, ಮತ್ತೆ ಹುಟ್ಟಲು ಅವಕಾಶ. ಆ ಕಾವಲುಗಳಲ್ಲಿ ಚಿಗರಿಗೂ ಪಾಲು ಸಿಗುತ್ತಿತ್ತು, ಅದಕ್ಕೆಂದು ಯಾರೂ ಏನೂ ಬಿತ್ತಿರಲಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಇವತ್ತಿಗೂ ಚಿಗರಿ ಇದೆ, 2011ರಲ್ಲಿ ಅದು ಸಂರಕ್ಷಿತ ಪ್ರದೇಶವೂ ಆಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಆಯಿತು. ಅಲ್ಲೂ ಒಂದು ಭಾಗಕ್ಕೆ ನೀಲಗಿರಿ ನೆಟ್ಟಿದ್ದಾರೆ. ಆದರೂ ಹಿಂಡುಗಟ್ಟಲೆ ಚಿಗರಿ ನೋಡಬೇಕು ಅಂದರೆ ಜನ ಹೋಗುವುದು ಆ ಹುಲ್ಲುಬಯಲಿಗೆ, ತೋಪಿಗಲ್ಲ.

ಈಗ ಮಳೆಯ ಲೆಕ್ಕಕ್ಕೆ ಬರೋಣ. ನಮ್ಮ ವಾದದ ಜೀವ ಇರುವುದು ಇಲ್ಲಿ. ಚಿಗರಿ ಹೊಲಕ್ಕೆ ಅತಿ ಹೆಚ್ಚು ಪೆಟ್ಟು ಕೊಡುವುದು ಯಾವಾಗ? ಬೆಳೆ ಮೊಳಕೆ ಒಡೆದು ಗೇಣುದ್ದ ಆಗುವವರೆಗೆ. ಹೆಸರು, ಶೇಂಗಾ, ಸೋಯಾ, ಗೋವಿನಜೋಳ, ಎಲ್ಲ ಎಳೆಯದು, ಮೆತ್ತಗಿನದು. ನಾವು ಬಿತ್ತುವುದು ರೋಹಿಣಿ, ಮಿರಗದ ಮಳೆಗೆ. (ಮೃಗಶಿರ ಅಂದರೆ ಜಿಂಕೆಯ ತಲೆ. ಬಿತ್ತನೆ ಮಳೆಗೇ ಅದರ ಹೆಸರಿಟ್ಟು ಕರೆದರೆ ಅದು ಬಾರದೆ ಇರುತ್ತದೆಯೇ ಅಂತ ನಮ್ಮಲ್ಲೊಬ್ಬರ ತಮಾಷೆ.) ಆದರೆ ಭರಣಿ, ಕೃತ್ತಿಕೆ ಮಳೆ ಒಂದೆರಡು ಬಿದ್ದರೆ ಸಾಕು, ಬಹುವಾರ್ಷಿಕ ಹುಲ್ಲು ಒಂದು ವಾರದೊಳಗೆ ಚಿಗುರುತ್ತದೆ. ಅದಕ್ಕೆ ಬೀಜದಿಂದ ಹುಟ್ಟಬೇಕಾಗಿಲ್ಲ, ಬುಡ ಕಲ್ಲಿನ ಸಂದಿಯಲ್ಲಿ ಜೀವ ಹಿಡಿದು ಕೂತಿರುತ್ತದೆ. ಅಂದರೆ ನಮ್ಮ ಬೆಳೆ ಏಳುವ ಮೂರು-ನಾಲ್ಕು ವಾರ ಮೊದಲೇ ಮಡ್ಡಿ ಹಸಿರಾಗಬೇಕು. ಹೊಟ್ಟೆ ತುಂಬಿದ ಹಿಂಡು ಬಯಲಲ್ಲೇ ನಿಲ್ಲಬೇಕು.

ಮಡ್ಡಿಯಲ್ಲಿ ಈಗ ಆ ಹುಲ್ಲು ಎಲ್ಲಿದೆ? ಅರ್ಧ ತೋಪಿನ ಅಡಿ ಹೋಯಿತು. ಕಾಲುಭಾಗ ಒತ್ತುವರಿ ಆಯಿತು. ಉಳಿದದ್ದಕ್ಕೆ ಬಳ್ಳಾರಿ ಜಾಲಿ ಹಬ್ಬಿತು. ಬೇಸಿಗೆಯಲ್ಲಿ ಬೇರೇನೂ ಸಿಗದೆ ಚಿಗರಿ ಜಾಲಿಕಾಯಿ ತಿನ್ನುತ್ತದೆ, ಬೀಜ ಹಿಕ್ಕೆಯ ಜೊತೆ ಹೊರಬಿದ್ದು ಮತ್ತೊಂದು ಕಡೆ ಮೊಳೆಯುತ್ತದೆ. ತನ್ನ ಹುಲ್ಲನ್ನು ನುಂಗುವ ಗಿಡವನ್ನು ತಾನೇ ಬಿತ್ತಿಕೊಂಡು ತಿರುಗುವ ಸ್ಥಿತಿ ಅದರದ್ದು.

ನಮ್ಮ ಬಳಗದ ಹುಡುಗನೊಬ್ಬ ಮೊನ್ನೆ ಒಂದು ವಿಡಿಯೊ ಕಳಿಸಿದ. ಅಮೆರಿಕದಲ್ಲಿ ಜಿಂಕೆಗೆಂದೇ ಮೇವಿನ ತಾಕು ಬೆಳೆಯುತ್ತಾರೆ. ಕಲ್ಲು ನೆಲವಾದರೂ ಬಿಡುವುದಿಲ್ಲ. ಮಣ್ಣು ಪರೀಕ್ಷೆ, ಬೇಕಾದರೆ ಸುಣ್ಣ, ಆಮೇಲೆ ಓಟ್ಸ್, ಗೋಧಿ, ಕ್ಲೋವರ್. "ನಾವೂ ಅಭಯಾರಣ್ಯದೊಳಗೆ ಹೀಗೆ ಅಲಸಂದಿ, ಹುರುಳಿ ಬಿತ್ತಿದರೆ ಹೇಗೆ?" ಅಂತ ಅವನ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಆದರೆ ಅವರು ಬೆಳೆಯುವುದು ಬಹುಮಟ್ಟಿಗೆ ಬೇಟೆಗಾಗಿ. ಜಿಂಕೆ ಆ ತಾಕಿಗೆ ಬರಲಿ, ಬಂದಾಗ ಗುಂಡು ಹೊಡೆಯೋಣ ಅಂತ. ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಚಿಗರಿಯೇ ಅಲ್ಲಿಗೆ ಹೋಗಿದೆ. 1932ರಲ್ಲಿ ಟೆಕ್ಸಾಸ್‌ನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ಕೃಷ್ಣಮೃಗಗಳನ್ನು ತಂದು ಬಿಟ್ಟರು. ಅದೂ ಸುಣ್ಣಕಲ್ಲಿನ ಮೇಲೆ ತೆಳು ಮಣ್ಣು ಇರುವ ನೆಲ. ಖಾಸಗಿ ರ‍್ಯಾಂಚುಗಳಲ್ಲಿ ಚೆನ್ನಾಗಿ ಬೆಳೆದವು, ದುಡ್ಡು ಕೊಟ್ಟು ಬೇಟೆಯಾಡುತ್ತಾರೆ. ನಾವು ಇಲ್ಲಿ ಬೇಟೆ ಕೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಕಲ್ಲು ನೆಲ ಅಂದರೆ ಏನೂ ಬೆಳೆಯದ ನೆಲ ಅನ್ನುವ ಮಾತು ಸುಳ್ಳು ಅಂತ ತೋರಿಸಲು ಹೇಳಿದೆವು.

ಅಲಸಂದಿ ಬಿತ್ತುವುದು ಮಾತ್ರ ನಮಗೆ ಬೇಡ. ಯಾಕೆಂದರೆ ಅಲಸಂದಿಗೆ ಪ್ರತಿ ವರ್ಷ ಉಳುಮೆ ಬೇಕು. ಗರಸು ನೆಲದಲ್ಲಿ ಇರುವುದೇ ನಾಲ್ಕು ಬೆರಳು ಮಣ್ಣು. ಉತ್ತರೆ ಮೊದಲ ಮಳೆಗೆ ಅದೂ ಹಳ್ಳಕ್ಕೆ. ಜೊತೆಗೆ, ಅಭಯಾರಣ್ಯದಲ್ಲಿ ಕಾಳಿನ ಬೆಳೆಯ ರುಚಿ ಹತ್ತಿಸಿದ ಚಿಗರಿ ನಮ್ಮ ಹೊಲದ ಬದುವಿಗೆ ಬಂದು ನಿಂತು ಇದು ಬೇರೆ, ಅದು ಬೇರೆ ಅಂತ ವಿಚಾರ ಮಾಡುತ್ತದೆಯೇ?

ಹುಲ್ಲು ಹಾಗಲ್ಲ. ಒಮ್ಮೆ ಬೇರು ಹಿಡಿದರೆ ಮಣ್ಣನ್ನೂ ಹಿಡಿಯುತ್ತದೆ. ಮಾಡುವ ಬಗೆ ಕಷ್ಟದ್ದಲ್ಲ, ತಾಳ್ಮೆಯದ್ದು. ಮೊದಲು ಜಾಲಿ ಹೋಗಬೇಕು. ಬರೀ ಮೇಲೆ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ, ಬುಡದ ಗೆಡ್ಡೆಯನ್ನು ನೆಲದೊಳಗಿಂದ ಕೀಳಬೇಕು. ನೀಲಗಿರಿಯೂ ಹಾಗೇ, ಕಡಿದ ಬೊಡ್ಡೆ ಬಿಟ್ಟರೆ ಕೆಲವೇ ವರ್ಷದಲ್ಲಿ ಮತ್ತೆ ತೋಪು. ಆಮೇಲೆ ಅಲ್ಲಿಯ ಕಲ್ಲನ್ನೇ ಆರಿಸಿ ಇಳಿಜಾರಿಗೆ ಅಡ್ಡಲಾಗಿ ಸಾಲು ಇಡುವುದು. ಎರಡು ಮಳೆಗೆ ಆ ಸಾಲಿನ ಹಿಂದೆ ಮಣ್ಣು ನಿಲ್ಲುತ್ತದೆ, ಹುಲ್ಲು ಮೊದಲು ಏಳುವುದು ಅಲ್ಲೇ. ನೇಗಿಲು ಮುಟ್ಟಿಸುವುದೇ ಬೇಡ. ಕುಂಟೆಯಲ್ಲಿ ಮೇಲೆ ಮೇಲೆ ಕೆರೆದರೆ ಸಾಕು.

ಬೀಜ ಎಲ್ಲಿಂದ? ಮೊದಲ ಆಯ್ಕೆ ಪಕ್ಕದ ಮಡ್ಡಿಯ ಹುಲ್ಲೇ. ದೇವರ ಕಾಡು, ಸ್ಮಶಾನದ ಅಂಚು, ಕೆರೆ ಏರಿ, ರೈಲು ಹಳಿಯ ಬದಿ, ಇಂಥ ಕಡೆ ಹಳೆಯ ಹುಲ್ಲು ಇನ್ನೂ ಇದೆ. ಬೀಜ ಬಲಿತಾಗ ಕೊಯ್ದು ತಂದು ಕೆರೆದ ನೆಲದ ಮೇಲೆ ಹರವಿದರೂ ಆಗುತ್ತದೆ. ಕಡಿಮೆ ಬಿದ್ದರೆ ಅಂಜನ್ ಹುಲ್ಲು. ಒಣನೆಲಕ್ಕೆ ಹೇಳಿ ಮಾಡಿಸಿದ್ದು. ಅದರ ಬೀಜ ಹತ್ತಿಯಂತೆ ಹಗುರ, ಗಾಳಿಗೆ ಹಾರಿಹೋಗುತ್ತದೆ. ಸಗಣಿ, ಮಣ್ಣಿನಲ್ಲಿ ಕಲಸಿ ಸಣ್ಣ ಉಂಡೆ ಮಾಡಿ ಒಣಗಿಸಿ ಬಿತ್ತಬೇಕು. ಎಕರೆಗೆ ಎರಡರಿಂದ ಮೂರು ಕಿಲೋ ಸಾಕು. ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಮೇಲೇಳುವುದಿಲ್ಲ. ಆಗಷ್ಟೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದೂ ಇಲ್ಲ, ಕೆಲವು ತಿಂಗಳು ಇಟ್ಟಿದ್ದೇ ಒಳ್ಳೆಯದು. ಬೀಜ ಬಿತ್ತಿ ಒಂದು ತಿಂಗಳಿಗೆ ಏನೂ ಕಾಣಲಿಲ್ಲ ಅಂತ ಗುತ್ತಿಗೆದಾರನ ಮೇಲೆ ದೂರು ಬರೆಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ನಾವೇ ಒಮ್ಮೆ ಹಾಗೆ ಬರೆದು ಪೆಚ್ಚಾಗಿದ್ದೇವೆ.

ಗೋಮಾಳದಲ್ಲಾದರೆ ಅಂಜನ್ ಜೊತೆ ಸ್ಟೈಲೋ ಸೇರಿಸಬಹುದು. ಅದು ದ್ವಿದಳ ಮೇವು, ಬಡ ನೆಲಕ್ಕೆ ಸಾರಜನಕ ಕಟ್ಟಿಕೊಡುತ್ತದೆ, ಕುರಿಗೆ ಪುಷ್ಟಿ. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ರಾತ್ರಿ ತಣ್ಣೀರಲ್ಲಿ ನೆನೆಸಿಟ್ಟರೆ ಮೊಳೆಯುತ್ತದೆ. ಆದರೆ ಅದು ಹೊರದೇಶದ ಗಿಡ. ಅಭಯಾರಣ್ಯದೊಳಗೆ ಅದನ್ನು ಒಯ್ಯಬಾರದು ಅನ್ನುವುದು ನಮ್ಮ ಅಭಿಪ್ರಾಯ. ಹೊರಗಿನಿಂದ ತಂದು ಸುರಿದದ್ದರ ಫಲ ಈಗಾಗಲೇ ಉಣ್ಣುತ್ತಿದ್ದೇವಲ್ಲ. ಇದನ್ನೆಲ್ಲ ಕೇಳಿ ತಿಳಿಯಲು ದೂರ ಹೋಗಬೇಕಾಗಿಲ್ಲ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲೇ ಇದೆ. ನಮ್ಮ ಮನೆ ಬಾಗಿಲಿಗೆ ಹುಲ್ಲಿನ ವಿಜ್ಞಾನಿಗಳಿದ್ದಾರೆ, ನಾವು ಮಡ್ಡಿಗೆ ಕರೆಯುವುದು ಮಾತ್ರ ಗುಂಡಿ ತೋಡುವ ಜೆಸಿಬಿಯನ್ನು.

ಇಷ್ಟೆಲ್ಲ ಆದ ಮೇಲೆ ಕನಿಷ್ಠ ಎರಡು ಮಳೆಗಾಲ ಆ ನೆಲಕ್ಕೆ ಬಾಯಿ ಬೀಳಬಾರದು. ಕುರಿಯದ್ದೂ ಬೀಳಬಾರದು, ದನದ್ದೂ ಬೀಳಬಾರದು. ಇಲ್ಲೇ ಎಲ್ಲ ಯೋಜನೆಯೂ ಸಾಯುವುದು.

ಅದಕ್ಕೆ ಬರುವ ಮೊದಲು ಎರಡು ಆಕ್ಷೇಪ. ಒಂದು, ಹೊಟ್ಟೆ ತುಂಬ ಹುಲ್ಲು ಕೊಟ್ಟರೆ ಚಿಗರಿ ಸಂತತಿ ಇನ್ನೂ ಹೆಚ್ಚಾಗುತ್ತದೆ ಅಂತ ರೈತರು ಹೇಳುತ್ತಾರೆ. ಹೆಚ್ಚಾಗಬಹುದು, ಅಲ್ಲಗಳೆಯುವುದಿಲ್ಲ. ಆದರೆ ಈಗ ಮಾತ್ರ ಏನಾಗುತ್ತಿದೆ? ನಾವು ರೊಕ್ಕ ಸುರಿದು ಬೆಳೆದ ಗೋವಿನಜೋಳ, ಶೇಂಗಾ ತಿಂದು ಮರಿ ಹಾಕುತ್ತಿವೆ. ಗರಸಿನ ಹುಲ್ಲಿಗಿಂತ ಅದು ಬಹಳ ಪುಷ್ಟಿಯ ಮೇವು. ಹುಲ್ಲುಬಯಲು ಇದ್ದರೆ ತೋಳಕ್ಕೂ ಜಾಗ ಇರುತ್ತದೆ, ತೋಳ ಇದ್ದರೆ ಮರಿಗಳ ಲೆಕ್ಕ ಒಂದು ಮಿತಿಯಲ್ಲಿರುತ್ತದೆ. ತೋಳ ಕುರಿಯನ್ನೂ ಒಯ್ಯುತ್ತದಲ್ಲ ಅಂದರೆ, ಹೌದು, ಒಯ್ಯುತ್ತದೆ. ಅದಕ್ಕೆ ಪರಿಹಾರದ ಹಣ ಕುರಿಗಾರನ ಕೈಗೆ ಬೇಗ ಸೇರುವ ಏರ್ಪಾಡು ಬೇಕು. ಇನ್ನೊಂದು, ಹುಲ್ಲು ಬೆಳೆದರೂ ಚಿಗರಿ ಹೊಲಕ್ಕೆ ಬರುವುದು ಪೂರ್ತಿ ನಿಲ್ಲುವುದಿಲ್ಲ. ಇದೂ ನಿಜ. ಗುಜರಾತಿನ ವೆಳಾವದರ್ ನೋಡಿ. 1976ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 34 ಚದರ ಕಿಲೋಮೀಟರ್, ಒಳ್ಳೆಯ ಹುಲ್ಲು. ಅಲ್ಲಿನದು ಉಪ್ಪು ನೆಲ, ನಮ್ಮಂಥ ಕಲ್ಲಲ್ಲ. ಅಲ್ಲೂ ಸುತ್ತಲಿನ ಹೊಲಕ್ಕೆ ಚಿಗರಿ ಹೋಗುತ್ತದೆ. ಆದರೆ ಹೋಗದೆ ವಿಧಿಯಿಲ್ಲದ ಚಿಗರಿ ಬೇರೆ, ಹೋದರೂ ತಿರುಗಿ ಬರಲು ಬಯಲು ಇರುವ ಚಿಗರಿ ಬೇರೆ. ಬೆಳೆ ಪರಿಹಾರ ಬೇಡ ಅಂತ ನಾವು ಹೇಳಿಲ್ಲ. ಅದು ಬರಲೇಬೇಕು, ಬೇಗ ಬರಬೇಕು. ಅರ್ಜಿಯ ಜೊತೆ ಫೋಟೋ, ಪಹಣಿ, ಪಂಚನಾಮೆ ಎಲ್ಲ ಹಿಡಿದು ನಮ್ಮ ಮನೆಯವರೇ ಒಂದು ಕಚೇರಿಗೆ ನಾಲ್ಕು ಸಲ ಅಲೆದಿದ್ದಾರೆ. 'ಚಿಗರಿಯೇ ಮೇಯ್ದದ್ದು ಅಂತ ಗ್ಯಾರಂಟಿ ಏನು' ಅಂತ ಕೇಳಿದರಂತೆ. ಚಿಗರಿ ಸಹಿ ಮಾಡಿ ಹೋಗಲಿಲ್ಲ.

ಹಿಡಿದು ಸಾಗಿಸಿ ಅನ್ನುವವರೂ ಇದ್ದಾರೆ. ಮಧ್ಯಪ್ರದೇಶದ ಶಾಜಾಪುರ ಕಡೆ 2025ರಲ್ಲಿ ಹೆಲಿಕಾಪ್ಟರ್ ಹಾರಿಸಿ, ಹಿಂಡನ್ನು ಬಲೆಯ ದಾರಿಗೆ ನೂಕಿ, ಲಾರಿಯಲ್ಲಿ ಬೇರೆ ಕಾಡಿಗೆ ಸಾಗಿಸಿದರು. ಆಗಲಿ. ಆದರೆ ಸಾಗಿಸುವುದು ಎಲ್ಲಿಗೆ? ಹುಲ್ಲು ಇರುವಲ್ಲಿಗೆ. ಮತ್ತೆ ಮಾತು ಹುಲ್ಲಿಗೇ ಬಂತು. ಕರ್ನಾಟಕದಲ್ಲಿ ಅಂಥ ಜಾಗ ಯಾವುದು ಅಂತ ಹೇಳಿದರೆ ಲಾರಿ ಬಾಡಿಗೆಯ ಮಾತು ಆಮೇಲೆ ಆಡೋಣ.

ಹಾಗಾದರೆ ಕೇಳಬೇಕಾದ್ದು ಏನು, ಯಾರನ್ನು? ಅಭಯಾರಣ್ಯದೊಳಗಿನ ನೀಲಗಿರಿ, ಜಾಲಿಯನ್ನು ಅರಣ್ಯ ಇಲಾಖೆಯೇ ತೆಗೆಯಬೇಕು. ನಾವು-ನೀವು ಕೊಡಲಿ ಹಿಡಿದು ಹೋದರೆ ಅಪರಾಧ. ಎಲ್ಲವನ್ನೂ ಒಟ್ಟಿಗೆ ಬೋಳಿಸಿ ಅಂತಲೂ ಹೇಳುವುದಿಲ್ಲ, ಚಿಗರಿಗೆ ಹಗಲಿನ ಮರೆಯೂ ಹೋಗುತ್ತದೆ. ಹೊಲದ ಅಂಚಿಗೆ ದೂರದ ಒಳಭಾಗದಿಂದ ತುಂಡು ತುಂಡಾಗಿ ಶುರುವಾಗಲಿ. ಹುಲ್ಲು ಒಳಗೆ ಎದ್ದರೆ ಹಿಂಡು ಒಳಗೆ ಸರಿಯುತ್ತದೆ. ಅಂಚಿನಲ್ಲಿ ಮೊದಲು ಹುಲ್ಲು ಮಾಡಿದರೆ ಖಾನಾವಳಿ ಬಾಗಿಲಿಗೇ ಕರೆತಂದ ಹಾಗೆ.

ಹೊರಗಿನ ಗೋಮಾಳ, ಖರಾಬು ನಮ್ಮ ಕೈಯಲ್ಲಿದೆ, ನಮ್ಮ ಪಂಚಾಯಿತಿಯ ಕಣ್ಣೆದುರು ಇದೆ. ಭೂಕಂದಾಯ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ಎಷ್ಟು ಊರಲ್ಲಿ ಇದೆ, ನೀವೇ ಹೇಳಿ. ಈ ಲೆಕ್ಕದಲ್ಲಿ ಚಿಗರಿಗೆ ಒಂದು ಗುಂಟೆಯೂ ಇಲ್ಲ ಅನ್ನುವುದು ಬೇರೆ ಮಾತು. ಊರಿನ ಸಾಮೂಹಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ ಕಾನೂನಿದೆ. ನಿಮ್ಮಲ್ಲಿ ಅದರ ಸದಸ್ಯರು ಯಾರು ಅಂತ ಒಮ್ಮೆ ಕೇಳಿ ನೋಡಿ, ಸದಸ್ಯರಿಗೇ ಗೊತ್ತಿರಲಿಕ್ಕಿಲ್ಲ. ಆ ಸಮಿತಿಯ ದಾಖಲಾತಿಯಲ್ಲಿ ನಿಮ್ಮ ಮಡ್ಡಿಯ ಸರ್ವೆ ನಂಬರ್ ಹಾಕಿ, ಇದು ಪಾಳು ಅಲ್ಲ, ಹುಲ್ಲುಗಾವಲು ಅಂತ ಬರೆಸಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಮುಂದಿನ ಸಲ ಸಸಿ ತುಂಬಿದ ಟ್ರ್ಯಾಕ್ಟರ್ ಬಂದಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ. ಸಸಿ ಬೇಡವೇ ಬೇಡ ಅಂತಲ್ಲ. ಶಾಲೆ ಅಂಗಳ, ರಸ್ತೆ ಬದಿ, ಹಳ್ಳದ ದಂಡೆ, ಹೊಲದ ಬದು ಎಲ್ಲ ಖಾಲಿ ಬಿದ್ದಿವೆ. ಅಲ್ಲಿ ನೆಡಿ. ಫೋಟೋನೂ ಚೆನ್ನಾಗಿ ಬರುತ್ತದೆ, ಹಿಂದೆ ನೆರಳಿರುತ್ತದೆ.

ನಮ್ಮ ಮಟ್ಟಿಗೆ ಒಂದು ತೀರ್ಮಾನ ಆಗಿದೆ. ಈ ಬ್ಲಾಗಿನಲ್ಲಿ ಬರೆಯುವ ನಾವು ಐದಾರು ಮಂದಿ ಹುಲ್ಲುನೆಲದಲ್ಲಿ ಗುಂಡಿ ತೋಡಿದ ಫೋಟೋಗೆ ಇನ್ನು ಮುಂದೆ 'ಹಸಿರು ಹೊದಿಕೆ' ಅಂತ ತಲೆಬರಹ ಕೊಡುವುದಿಲ್ಲ. ಡೆಸ್ಕಿನವರು ತಿದ್ದಿ ಹಾಕಿಕೊಂಡರೆ ಅದು ಅವರ ಪಾಪ. ಕಾಲಂ ಲೆಕ್ಕದಲ್ಲಿ ನಮಗೆ ಸ್ವಲ್ಪ ನಷ್ಟ.

ಎರಡು ಮಳೆಗಾಲ ಬಾಯಿ ಬೀಳಬಾರದು ಅಂದೆವಲ್ಲ, ಆ ಮಾತನ್ನು ಹೋದ ತಿಂಗಳು ಒಂದು ಊರಿನ ಕಟ್ಟೆಯ ಮೇಲೆ ಕೂತು ಹೇಳಿದೆವು. ರೈತರು ಆಗಲಿ ಅಂದರು. ಪಂಚಾಯಿತಿ ಸದಸ್ಯರೊಬ್ಬರು ನೋಡೋಣ ಅಂದರು. ಕಂಬಳಿ ಹೊದ್ದು ಹಿಂದೆ ನಿಂತಿದ್ದ ಕುರಿಗಾರರೊಬ್ಬರು ಎಲ್ಲರ ಮಾತು ಮುಗಿಯುವವರೆಗೂ ಕಾದು ನಮ್ಮ ಹತ್ತಿರ ಬಂದರು. "ಹುಲ್ಲು ಬೆಳಸ್ರಿ ತಮ್ಮಾ, ನಾವೇನು ಬ್ಯಾಡ ಅನ್ನಂಗಿಲ್ಲ. ಚಿಗರಿನೂ ತಿನ್ಲಿ. ಆದ್ರ ಆ ಎರಡು ಮಳಿಗಾಲ ನನ್ನ ನೂರಾ ಹತ್ತು ಕುರಿ ಎಲ್ಲಿ ಮೇಯಬೇಕು ಅನ್ನೋದನ್ನ ಮೊದಲ ಬರಕೋರಿ. ಅದನ್ನ ಬರೀದ ಠರಾವು ಮಾಡಿದ್ರ, ರಾತ್ರಿ ನಾನ ಬಿಡ್ತೀನಿ ಅದರಾಗ."

ಬರೆದುಕೊಂಡಿದ್ದೇವೆ. ಮಡ್ಡಿಯನ್ನು ಮೂರು ಪಾಲು ಮಾಡಿ ಒಂದೊಂದನ್ನೇ ಮುಚ್ಚುವುದೋ, ಕೊಯ್ದ ಹುಲ್ಲನ್ನು ಕುರಿಗಾರರಿಗೇ ಮೊದಲು ಕೊಡುವುದೋ, ಆ ಊರಿನ ಗ್ರಾಮಸಭೆಯಲ್ಲಿ ಇದೇ ಮೊದಲ ಚರ್ಚೆ ಆಗಬೇಕು ಅಂತ ಅರ್ಜಿ ಕೊಟ್ಟಿದ್ದೇವೆ. ಸಭೆಯ ದಿನಾಂಕ ಇನ್ನೂ ಗೊತ್ತಾಗಿಲ್ಲ.